ಎದುರು ಪಾರ್ಟಿಗೂ ನೀನೇ

ಸಾಗರ

ಚಿ. ಸೌ. ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ. ನಿಮ್ಮೆಲ್ಲರ ಕ್ಷೇಮಕ್ಕೆ ಆಗಾಗ ಬರೆಯುತ್ತಿರಬೇಕು, ಫೋನಿನಲ್ಲಿ ಆಡಿದ ಮಾತು ನನಗೆ ಅರ್ಧ ಕೇಳುವುದಿಲ್ಲ.

2028ರ ವಿಧಾನಸಭಾ ಚುನಾವಣೆಗೆ ವಕೀಲಿ ಮಾಡಿಕೊಂಡಿರುವ ನಿನ್ನನ್ನು ನಿಲ್ಲಿಸುವ ಮಾತು ಎದ್ದಿದೆಯೆಂದೂ ಪಕ್ಷದವರು ಮನೆಗೆ ಬಂದು ಕೂತು ಹೋದರೆಂದೂ ನಿನ್ನಪ್ಪ ಹೇಳಿದ. 'ಬೇಡ ಅಂತ ಬುದ್ಧಿ ಹೇಳು' ಎನ್ನುವುದು ಅವನ ಕೋರಿಕೆ. 'ಅಪ್ಪನನ್ನು ಒಪ್ಪಿಸಿ' ಎನ್ನುವುದು ನಿನ್ನದು. ಎರಡೂ ಕಡೆಯ ವಕಾಲತ್ತು ಒಬ್ಬನೇ ಹಾಕುವ ಹಾಗಿಲ್ಲವಲ್ಲ, ಹಾಗಾಗಿ ಯಾರ ಪರವೂ ವಾದಿಸದೆ ನನಗೆ ತಿಳಿದದ್ದನ್ನು ಬರೆಯುತ್ತೇನೆ. ನಿಲ್ಲುವುದು ಬಿಡುವುದು ನಿನ್ನ ತೀರ್ಮಾನ.

ನಮ್ಮ ಸೀಮೆಯಲ್ಲಿ ಕರಿಕೋಟಿನಿಂದ ವಿಧಾನಸೌಧಕ್ಕೆ ಹೋದವರಿಗೆ ಬರವಿಲ್ಲ. ತೀರ್ಥಹಳ್ಳಿ ಕಡೆಯ ಕಡಿದಾಳ್ ಮಂಜಪ್ಪನವರು ವಕೀಲರು. ಹಳೇ ಮೈಸೂರು ಸರ್ಕಾರದಲ್ಲಿ ಕಂದಾಯ ಮಂತ್ರಿಯಾಗಿ ಗೇಣಿ ಕಾನೂನು, ಇನಾಂ ರದ್ದತಿ ಎಂದು ದುಡಿದರು. 1956ರಲ್ಲಿ ರಾಜ್ಯಗಳು ಒಂದಾಗುವುದಕ್ಕೆ ಸ್ವಲ್ಪ ಮುಂಚೆ ಎರಡೂವರೆ ತಿಂಗಳು ಮುಖ್ಯಮಂತ್ರಿಯೂ ಆದರು. ಸೊರಬದ ಬಂಗಾರಪ್ಪ ಕಾನೂನು ಓದಿದವರು. ಚನ್ನಗಿರಿಯ ಜೆ.ಎಚ್. ಪಟೇಲರೂ ಅಷ್ಟೆ, ಆಗ ಚನ್ನಗಿರಿ ನಮ್ಮ ಜಿಲ್ಲೆಗೇ ಸೇರಿತ್ತು. ನಮ್ಮ ಕಾಗೋಡು ತಿಮ್ಮಪ್ಪನವರ ವಿಷಯಕ್ಕೆ ಆಮೇಲೆ ಬರುತ್ತೇನೆ. ಹಾಗೆಂದು ವಕೀಲಿ ಓದಿದವರೇ ಒಳ್ಳೆಯ ಶಾಸಕರಾಗುತ್ತಾರೆ ಎಂದು ತಿಳಿಯಬೇಡ. ಶಾಂತವೇರಿ ಗೋಪಾಲಗೌಡರು ಯಾವ ಕೋರ್ಟಿನಲ್ಲೂ ವಾದ ಮಾಡಿದವರಲ್ಲ. 1952ರ ಮೊದಲ ಚುನಾವಣೆಯಲ್ಲೇ ಸಾಗರ-ಹೊಸನಗರದಿಂದ ಗೆದ್ದು ಹೋಗಿ ಸದನದಲ್ಲಿ ಅವರು ಆಡಿದ ಮಾತನ್ನು ಜನ ಈಗಲೂ ನೆನೆಯುತ್ತಾರೆ.

ಆದರೂ ಪಕ್ಷದವರು ವಕೀಲರ ಮನೆ ಹುಡುಕಿಕೊಂಡು ಯಾಕೆ ಬರುತ್ತಾರೆ ಎಂದರೆ, ತಾಲ್ಲೂಕು ವಕೀಲರ ಆಫೀಸಿಗೆ ಬಾರದ ಸಂಕಟವಿಲ್ಲ. ಪಹಣಿಯಲ್ಲಿ ಹೆಸರು ತಪ್ಪಿದ್ದು, ಅಣ್ಣತಮ್ಮಂದಿರ ಪಾಲು, ಚೆಕ್ ಬೌನ್ಸ್, ಜೀವನಾಂಶ, ತೋಟಕ್ಕೆ ಹೋಗುವ ದಾರಿಗೆ ಬೇಲಿ ಹಾಕಿದ್ದು, ಎಲ್ಲ ಅಲ್ಲಿಗೇ. ಸರ್ವೆಯರ್ ಯಾಕೆ ಬರಲಿಲ್ಲ, ಕಂದಾಯ ನಿರೀಕ್ಷಕ ವರದಿಯಲ್ಲಿ ಏನು ಬರೆದ, ಜಮೀನು ಅಳೆದು ಭಾಗ ಮಾಡುವ ಪೋಡಿ ಫೈಲು ಯಾವ ಮೇಜಿನಲ್ಲಿ ಮಲಗಿದೆ ಎನ್ನುವುದು ನಿನಗೆ ಗೊತ್ತು. ರಜೆಗೆ ಯಾರ ಅಪ್ಪಣೆಯೂ ಬೇಕಿಲ್ಲ. ನಾಲ್ಕು ಜನರ ಮುಂದೆ ನಿಂತು ಮಾತಾಡಲು ನಾಲಿಗೆ ತೊಡರುವುದಿಲ್ಲ. ಇಷ್ಟಿದ್ದರೆ ಅಭ್ಯರ್ಥಿ ಆಗಬಹುದು. ಗೆದ್ದ ಮೇಲಿನ ಕೆಲಸಕ್ಕೆ ಮಾತ್ರ ಇದರಲ್ಲಿ ಅರ್ಧವನ್ನು ಮರೆಯಬೇಕಾಗುತ್ತದೆ, ಕಷ್ಟ ಇರುವುದು ಅಲ್ಲಿ.

ಕೋರ್ಟಿನಲ್ಲಿ ನಿನ್ನ ಕೆಲಸ ಸಲೀಸು. ವಕಾಲತ್ತಿಗೆ ಸಹಿ ಹಾಕಿದವನು ನಿನ್ನವನು. ಎದುರಿನವನಿಗೆ ಅವನ ವಕೀಲರಿದ್ದಾರೆ, ಮೇಲೆ ನ್ಯಾಯಾಧೀಶರಿದ್ದಾರೆ. ಇರುವಷ್ಟೂ ಬಲ ಹಾಕಿ ನಿನ್ನವನನ್ನು ಗೆಲ್ಲಿಸಲು ನೋಡಬಹುದು, ನೀನು ಅತಿ ಮಾಡಿದರೆ ತಡೆಯುವುದಕ್ಕೆ ಆ ಇಬ್ಬರಿದ್ದಾರೆ. ಶಾಸಕಿಯಾದ ದಿನ ಆ ಇಬ್ಬರೂ ಎದ್ದು ಹೋಗುತ್ತಾರೆ. ಬೆಳಿಗ್ಗೆ ಆರಕ್ಕೇ ನಿನ್ನ ಜಗಲಿಗೆ ಬಂದು ಕೂತವನೊಬ್ಬ, ಫೋನ್ ಎತ್ತುವ ನೀನೊಬ್ಬಳು, ಆ ಕಡೆಯಿಂದ 'ಆಯ್ತು ಮೇಡಂ' ಎನ್ನುವ ತಹಶೀಲ್ದಾರರೊಬ್ಬರು. ಬೇಲಿಯ ಆಚೆ ಬದಿಯವನು ಆ ಹೊತ್ತಿನಲ್ಲಿ ದನ ಕಟ್ಟುತ್ತಿರುತ್ತಾನೆ. ತನ್ನ ಪ್ರಕರಣ ಮುಗಿದುಹೋಯಿತು ಎನ್ನುವುದೂ ಅವನಿಗೆ ಗೊತ್ತಿರುವುದಿಲ್ಲ. ಅವನೂ ನಿನಗೆ ಓಟು ಹಾಕಿರಬಹುದು. ಹಾಕದಿದ್ದರೂ ಅವನಿಗೆ ಬೇರೆ ಶಾಸಕರಿಲ್ಲ ಪುಟ್ಟಿ, ನೀನೇ.

ವಕೀಲರಾದವರಿಗೆ ಇದು ಬೇರೆಯವರಿಗಿಂತ ಕಷ್ಟ. ಬಂದವನ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳುವುದೇ ನಮ್ಮ ಕಸುಬು. ಅವನು ತಡವರಿಸುತ್ತ ಹೇಳಿದ್ದಕ್ಕೆ ನಾವು ಕಲಂ ಹಚ್ಚುತ್ತೇವೆ, ತಾರೀಖು ಹೊಂದಿಸುತ್ತೇವೆ, ದಾವೆ ಬರೆದು ಮುಗಿಸುವಷ್ಟರಲ್ಲಿ ನಮಗೇ ಅದು ಪೂರ್ಣ ಸತ್ಯ ಎನಿಸಿಬಿಟ್ಟಿರುತ್ತದೆ. ಆ ಚಾಳಿಯನ್ನು ಶಾಸಕರ ಕಚೇರಿಗೂ ಹೊತ್ತುಕೊಂಡು ಹೋದವರನ್ನು ಕಂಡಿದ್ದೇನೆ. ಮೊದಲು ಬಂದವನೇ ಗೆದ್ದ, ಬೇಗ ಏಳಲಾಗದವನು ಸೋತ. ಅದಕ್ಕೇ ಹೇಳುವುದು, ಫೋನ್ ಎತ್ತುವ ಮುಂಚೆ 'ಎದುರಿನವರು ಏನಂತಾರೆ?' ಎಂದು ಕೇಳುವ ರೂಢಿ ಇಟ್ಟುಕೋ. ಬಂದವನಿಗೆ ಸಿಟ್ಟು ಬರುತ್ತದೆ. ಬರಲಿ. ಸಿವಿಲ್ ತಕರಾರಾದರೆ 'ಇದು ಕೋರ್ಟಿನಲ್ಲಿ ತೀರಬೇಕಾದ್ದು' ಎಂದು ಮುಖಕ್ಕೇ ಹೇಳು. ಪೊಲೀಸ್ ಸ್ಟೇಷನ್ನಿಗೆ ಫೋನ್ ಮಾಡಿ ಒಬ್ಬನನ್ನು ಬಿಡಿಸುವುದಾಗಲಿ ಇನ್ನೊಬ್ಬನ ಮೇಲೆ ಕೇಸು ಹಾಕಿಸುವುದಾಗಲಿ ಒಂದು ಸಲವೂ ಬೇಡ. ಎಫ್‌ಐಆರ್ ತೆಗೆದುಕೊಳ್ಳದೆ ಬಡವರನ್ನು ಬಾಗಿಲಿಂದ ಕಳಿಸಿದ್ದಾರೆ ಎಂದಾದರೆ ಆ ಮಾತು ಬೇರೆ, ಆಗ ನೀನು ಫೋನ್ ಮಾಡಲೇಬೇಕು. ಅದನ್ನೂ ಕಾಗದದ ಮೇಲೆ ಬರೆದು ಮಾಡು. ಬಾಯಿಮಾತಿನ ಶಿಫಾರಸಿಗೆ ಲೆಕ್ಕವಿಲ್ಲ. ಬರೆದದ್ದಕ್ಕಾದರೆ ನಾಳೆ ಯಾರಾದರೂ ಮಾಹಿತಿ ಹಕ್ಕಿನಲ್ಲಿ ಕೇಳುತ್ತಾರೆ ಎನ್ನುವ ಹೆದರಿಕೆ ಇರುತ್ತದೆ, ಆ ಹೆದರಿಕೆ ನಿನಗೂ ಒಳ್ಳೆಯದು.

ಜಮೀನಿನ ವಿಷಯವನ್ನು ಸ್ವಲ್ಪ ಉದ್ದ ಬರೆಯುತ್ತೇನೆ. ಮಲೆನಾಡಿನಲ್ಲಿ ಶಾಸಕರ ಹಣೆಬರಹ ಬರೆಯುವುದೇ ಅದು.

1974ರ ಮಾರ್ಚ್ 1ರಿಂದ ದೇವರಾಜ ಅರಸರ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದಾಗ ನಾನು ವಕೀಲಿ ಸನ್ನದು ಪಡೆದ ಹೊಸತು. ಅದಕ್ಕೆ ಮೊದಲು ಗೇಣಿದಾರ ಮುನ್ಸೀಫ್ ಕೋರ್ಟಿಗೆ ಅಲೆಯಬೇಕಿತ್ತು. ಒಡೆಯರ ಕಡೆ ಹಿರಿಯ ವಕೀಲರು, ಗೇಣಿದಾರನ ಕಡೆ ಗೇಣಿ ಕೊಟ್ಟದ್ದಕ್ಕೆ ಒಂದು ಚೀಟಿಯೂ ಇಲ್ಲ. ತಿದ್ದುಪಡಿ ಬಂದ ಮೇಲೆ ನಮೂನೆ 7ರಲ್ಲಿ ಅರ್ಜಿ ಹಾಕಿದರೆ ಭೂ ನ್ಯಾಯಮಂಡಳಿ ವಿಚಾರಣೆ ಮಾಡುತ್ತಿತ್ತು. ಉಪವಿಭಾಗಾಧಿಕಾರಿ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ಊರ ಕಡೆಯ ಸದಸ್ಯರು. ವಕೀಲರಿಗೆ ಒಳಗೆ ಪ್ರವೇಶವಿಲ್ಲ, ಕಾಯ್ದೆಯಲ್ಲೇ ಹಾಗೆ ಬರೆದಿತ್ತು. ನಮ್ಮ ಬಾರ್ ಕೊತಕೊತ ಕುದಿಯಿತು. ಕೊನೆಗೆ 1987ರಲ್ಲಿ ಸುಪ್ರೀಂ ಕೋರ್ಟು ಆ ನಿರ್ಬಂಧವನ್ನು ತೆಗೆದುಹಾಕಿತು, ಆದರೆ ಆ ಹೊತ್ತಿಗೆ ಬಹುಪಾಲು ಅರ್ಜಿಗಳು ಮುಗಿದಿದ್ದವು. ನನ್ನ ಓರಗೆಯ ವಕೀಲರು ಯಾರೂ ಒಪ್ಪಲಿಕ್ಕಿಲ್ಲ, ಆದರೆ ನಮ್ಮನ್ನು ಹೊರಗಿಟ್ಟದ್ದರಿಂದಲೇ ಅಷ್ಟು ಜನಕ್ಕೆ ಭೂಮಿ ಸಿಕ್ಕಿತು ಎನ್ನುವುದು ನನ್ನ ಅಭಿಪ್ರಾಯ. ನಾವು ಒಳಗಿದ್ದಿದ್ದರೆ ಇನ್ನೂ ಮುದ್ದತ್ತು ತೆಗೆದುಕೊಳ್ಳುತ್ತಿದ್ದೆವು. ಅದರ ಇನ್ನೊಂದು ಮುಖವನ್ನೂ ನೋಡಿದ್ದೇನೆ. ಸದಸ್ಯರಿಗೆ ಬೇಕಾದವನ ಅರ್ಜಿ ಒಂದೇ ಕೂರಿಕೆಯಲ್ಲಿ ಮಂಜೂರು, ಬೇಡವಾದವನದ್ದು ವಜಾ. ಯಾಕೆ ವಜಾ ಎನ್ನುವುದಕ್ಕೆ ಆದೇಶದಲ್ಲಿ ಒಂದು ಸಾಲಿನ ಕಾರಣವಿಲ್ಲ. ಅಂಥ ಆದೇಶಗಳು ಹೈಕೋರ್ಟಿಗೆ ಹೋಗಿ ಮರುವಿಚಾರಣೆಗೆ ವಾಪಸು ಬಂದು, ಅಜ್ಜ ಹಾಕಿದ ಅರ್ಜಿಗೆ ಮೊಮ್ಮಗ ಸಾಕ್ಷಿ ಹೇಳಿದ್ದೂ ಉಂಟು.

ಇದನ್ನು ಇಷ್ಟು ಯಾಕೆ ಹೇಳಿದೆ ಎಂದರೆ, ನೀನು ಗೆದ್ದರೆ ಅಂಥದ್ದೇ ಒಂದು ಕುರ್ಚಿ ನಿನಗೆ ಕಾದಿದೆ. ಸರ್ಕಾರಿ ಜಮೀನನ್ನು ಅಪ್ಪಣೆಯಿಲ್ಲದೆ ಸಾಗುವಳಿ ಮಾಡಿದವರ ಅರ್ಜಿ ತೀರ್ಮಾನಿಸುವ ಬಗರ್‌ಹುಕುಂ ಸಕ್ರಮ ಸಮಿತಿಗೆ ಶಾಸಕರು ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಅರ್ಜಿ ಹಾಕುವುದು ಮೊದಲು ನಮೂನೆ 50ರಲ್ಲಿ, ಆಮೇಲೆ 53ರಲ್ಲಿ, 2018ರಲ್ಲಿ 57 ಬಂತು. ಕೊನೆಯದಕ್ಕೆ 2005ರ ಜನವರಿ 1ಕ್ಕೆ ಮುಂಚಿನ ಸಾಗುವಳಿ ಇರಬೇಕು. ಅರ್ಜಿ ಹಾಕಿದವರಲ್ಲಿ ನಿಜವಾಗಿ ಹಾರೆ ಹಿಡಿದವನೂ ಇರುತ್ತಾನೆ, ಪೇಟೆಯಲ್ಲಿ ಮಂಡಿ ಇಟ್ಟುಕೊಂಡು ಆಳಿನಿಂದ ಬೇಲಿ ಹಾಕಿಸಿದವನೂ ಇರುತ್ತಾನೆ. ಎರಡನೆಯವನೇ ನಿನ್ನ ಚುನಾವಣೆಗೆ ಜೀಪು ಕೊಟ್ಟಿರುತ್ತಾನೆ. ಈಗ ಉಪಗ್ರಹ ಚಿತ್ರ ನೋಡುತ್ತಾರೆ, ಮೋಸ ನಡೆಯುವುದಿಲ್ಲ ಎನ್ನುತ್ತಾರೆ. ಮೇಲಿಂದ ತೆಗೆದ ಚಿತ್ರದಲ್ಲಿ ತೋಟ ಕಾಣುತ್ತದೆಯೇ ಹೊರತು ಅದನ್ನು ಮಾಡಿದವರ ಮುಖ ಕಾಣುವುದಿಲ್ಲ. ಆ ಕುರ್ಚಿಯಲ್ಲಿ ಕೂತಾಗ ನೀನು ಶಾಸಕಿ ಎನ್ನುವುದನ್ನು ಅರ್ಧ ಗಂಟೆ ಪಕ್ಕಕ್ಕಿಡು, ಮುನ್ಸೀಫರ ಹಾಗೆ ಕೂತುಕೋ. ತಿರಸ್ಕರಿಸುವುದಾದರೆ ಕಾರಣ ಬರೆಸು, ಅದನ್ನು ಅರ್ಜಿದಾರನಿಗೆ ಓದಿ ಹೇಳು. ಮಂಜೂರು ಮಾಡಿದ ಮೇಲೆ ಸಾಗುವಳಿ ಚೀಟಿ ಅವನ ಕೈಸೇರಿ, ಪಹಣಿಯಲ್ಲಿ ಹೆಸರು ಕೂರುವವರೆಗೆ ಫೈಲಿನ ಬೆನ್ನು ಬಿಡಬೇಡ. ಸಮಾರಂಭದಲ್ಲಿ ಶಾಸಕರ ಕೈಯಿಂದ ಚೀಟಿ ಪಡೆದು ಫೋಟೋ ತೆಗೆಸಿಕೊಂಡು, ಖಾತೆ ಮಾತ್ರ ಆಗದೆ ಇರುವವರು ನಮ್ಮ ತಾಲ್ಲೂಕಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಮತ್ತೆ ಕಾಡು. ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ, ದಟ್ಟ ಕಾಡಿನ ಕಾನು, ಅರಣ್ಯವೆಂದು ಪರಿಗಣಿಸಿದ ಡೀಮ್ಡ್ ಫಾರೆಸ್ಟ್ ಎಂದು ಭಾಷಣಕ್ಕೆ ನಿಂತವರೆಲ್ಲ 'ನಾನು ಹಕ್ಕುಪತ್ರ ಕೊಡಿಸುತ್ತೇನೆ' ಎನ್ನುತ್ತಾರೆ. ಶರಾವತಿ ಮುಳುಗಡೆಯವರನ್ನು ನೋಡು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ರಾಜ್ಯಕ್ಕೆಲ್ಲ ದೀಪ ಹತ್ತಿತು. ಅವರನ್ನು ತಂದು ಕೂರಿಸಿದ ಜಾಗ ಮಾತ್ರ ದಾಖಲೆಯಲ್ಲಿ ಇನ್ನೂ ಅರಣ್ಯ. ರಾಜ್ಯ ಸರ್ಕಾರಗಳು ಆ ಜಾಗವನ್ನು ಅರಣ್ಯದಿಂದ ಕೈಬಿಡುವ ಡಿನೋಟಿಫಿಕೇಶನ್ ಆದೇಶ ಹೊರಡಿಸಿದವು, ಆದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಂತೆ ಕೇಂದ್ರದ ಒಪ್ಪಿಗೆ ಬೇಕಿತ್ತು. ಅದು ಇಲ್ಲದ ಆದೇಶಗಳು ಕೋರ್ಟಿನಲ್ಲಿ ನಿಲ್ಲಲಿಲ್ಲ. ಅರಣ್ಯ ಹಕ್ಕು ಕಾಯ್ದೆಯೂ ಹಾಗೇ. ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. 1930ರ ದಾಖಲೆಯನ್ನು ಕೂಲಿ ಮಾಡಿಕೊಂಡಿದ್ದ ಮನೆಯವರು ಎಲ್ಲಿಂದ ತರುತ್ತಾರೆ? ಇವೆಲ್ಲ ಕೇಂದ್ರದ ಕಾಯ್ದೆ, ಬೆಂಗಳೂರಿನಲ್ಲಿ ಕೂತ ಶಾಸಕರು ಬದಲಾಯಿಸಲಾರರು. ಬೇರೆ ಅಭ್ಯರ್ಥಿಗೆ ಇದು ಗೊತ್ತಿಲ್ಲದೆ ಇರಬಹುದು, ಗೊತ್ತಿಲ್ಲದೆ ಕೊಟ್ಟ ಭರವಸೆಗೆ ಕ್ಷಮೆಯೂ ಇರಬಹುದು. ನಿನಗೆ ಗೊತ್ತಿದೆ. ವೇದಿಕೆ ಮೇಲೆ ಅದನ್ನೇ ಹೇಳಿದರೆ ಓಟು ಕಡಿಮೆಯಾಗುತ್ತದೆ, ಆ ಲೆಕ್ಕ ಈಗಲೇ ಹಾಕಿಕೋ. ನಾನಾದರೆ ಹೀಗೆ ಹೇಳುತ್ತಿದ್ದೆ: ಜಂಟಿ ಸರ್ವೆ ಮಾಡಿಸುತ್ತೇನೆ, ಗ್ರಾಮದ ಅರಣ್ಯ ಹಕ್ಕು ಸಮಿತಿಗೆ ಕಾಗದಪತ್ರ ಹೊಂದಿಸಲು ಹುಡುಗರನ್ನು ಇಡುತ್ತೇನೆ, ಕೇಂದ್ರಕ್ಕೆ ಹೋಗಬೇಕಾದ ಪ್ರಸ್ತಾವ ತಪ್ಪಿಲ್ಲದೆ ಹೋಗುವಂತೆ ನೋಡಿಕೊಳ್ಳುತ್ತೇನೆ, ಅಷ್ಟೇ ನನ್ನ ಕೈಲಿ ಆಗುವುದು.

ಈಗ ಸದನದ ವಿಷಯ. ಇದು ನಿನಗೆ ಇಷ್ಟವಾಗುತ್ತದೆ, ನಿನ್ನ ಮತದಾರರಿಗೆ ಬೇಕಾಗಿರುವುದಿಲ್ಲ. ಅವರಿಗೆ ಬೇಕಾದ್ದು ಟ್ರಾನ್ಸ್‌ಫಾರ್ಮರ್, ಹಾಸ್ಟೆಲ್ ಸೀಟು, ಆಸ್ಪತ್ರೆ ಬಿಲ್ಲಿನಲ್ಲಿ ರಿಯಾಯ್ತಿ, ವರ್ಗಾವಣೆಗೆ ಒಂದು ಶಿಫಾರಸು ಚೀಟಿ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಚಂದಾ, ಮದುವೆಗೆ ನಿನ್ನ ಮುಖ. ಅಧಿವೇಶನ ನಡೆಯುವ ದಿನವೇ ಮೂರು ಗೃಹಪ್ರವೇಶ ಇರುತ್ತವೆ. ಬಹಳ ಶಾಸಕರು ಗೃಹಪ್ರವೇಶಕ್ಕೆ ಹೋಗುತ್ತಾರೆ, ಅವರನ್ನು ಪೂರ್ತಿ ಬೈಯಲು ನನಗೂ ಬಾಯಿ ಬರುವುದಿಲ್ಲ. ಹೋಗದವರನ್ನು ಊರು ಸೋಲಿಸುತ್ತದೆ. ವರ್ಷಕ್ಕೆ 60 ದಿನವಾದರೂ ಸದನ ಕೂರಬೇಕೆಂದು ನಮ್ಮ ರಾಜ್ಯವೇ 2005ರಲ್ಲಿ ಕಾಯ್ದೆ ಮಾಡಿಕೊಂಡಿದೆ, ಅಷ್ಟು ದಿನ ಕೂತದ್ದು ಅಪರೂಪ. 2025ರ ಮಾರ್ಚ್‌ನಲ್ಲಿ ಸದನ ಗದ್ದಲದಲ್ಲಿ ಮುಳುಗಿದ್ದಾಗಲೇ ಶಾಸಕರ ಸಂಬಳವನ್ನು 40 ಸಾವಿರದಿಂದ 80 ಸಾವಿರಕ್ಕೆ ಏರಿಸುವ ವಿಧೇಯಕ ಪಾಸಾಯಿತು. ಸಂಬಳ ಏರಿದ್ದಕ್ಕೆ ನನ್ನ ತಕರಾರಿಲ್ಲ, ಶಾಸಕರೂ ಹೊಟ್ಟೆಗೆ ತಿನ್ನಬೇಕು. ಚರ್ಚೆಯಿಲ್ಲದೆ ಪಾಸಾಯಿತಲ್ಲ, ಅದಕ್ಕೆ ತಕರಾರು. ಬೇರೆ ವಿಧೇಯಕಗಳೂ ಹಾಗೆಯೇ ದಾಟಿಹೋಗುತ್ತವೆ, ಆಮೇಲೆ ಅವುಗಳ ಮೇಲೆ ನಾವು ತಾಲ್ಲೂಕು ಕೋರ್ಟಿನಲ್ಲಿ ಹತ್ತು ವರ್ಷ ಜಗಳಾಡುತ್ತೇವೆ. ಒಂದು 'ಅಥವಾ' ಬರೆಯುವಲ್ಲಿ 'ಮತ್ತು' ಬಿದ್ದದ್ದಕ್ಕೆ ಎಷ್ಟು ಮನೆ ಹಾಳಾಗುತ್ತವೆ ಎನ್ನುವುದನ್ನು ಬಲ್ಲವರು ವಕೀಲರು. ಆ ಒಂದು ಕಾರಣಕ್ಕಾದರೂ ಸದನದಲ್ಲಿ ನಮ್ಮವರು ನಾಲ್ಕು ಜನ ಎಚ್ಚರವಾಗಿ ಕೂತಿರಬೇಕು.

ಪ್ರಶ್ನೋತ್ತರ ವೇಳೆಯನ್ನು ಪಾಟೀಸವಾಲಿನ ಹಾಗೆ ನಡೆಸಬಹುದು. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲೇ ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆಗೆ ಅವಕಾಶವಿದೆ. ಹೆಚ್ಚಿನವರು ಆ ಅವಕಾಶದಲ್ಲಿ ಭಾಷಣ ಮಾಡಿ ಕೂರುತ್ತಾರೆ, ಮಂತ್ರಿ 'ಪರಿಶೀಲಿಸಲಾಗುವುದು' ಎಂದು ಬಚಾವಾಗುತ್ತಾರೆ. ಸಾಕ್ಷಿಗೆ ಕೇಳಿದ ಹಾಗೆ ಕೇಳು: ನಮ್ಮ ತಾಲ್ಲೂಕಿನಲ್ಲಿ ನಮೂನೆ 57ರ ಅರ್ಜಿ ಎಷ್ಟು, ತೀರ್ಮಾನವಾದದ್ದು ಎಷ್ಟು, ಕಾರಣ ಬರೆಯದೆ ತಿರಸ್ಕರಿಸಿದ್ದು ಎಷ್ಟು. ಅಂಕಿ ಕೇಳಿದರೆ ಇಲಾಖೆ ಲೆಕ್ಕ ತೆಗೆಯಲೇಬೇಕು, ಎಷ್ಟೋ ಸಲ ಲೆಕ್ಕ ತೆಗೆಯುವಾಗಲೇ ಅರ್ಧ ಫೈಲು ಚಲಿಸುತ್ತವೆ. ಮಂತ್ರಿ ಕೊಟ್ಟ ಮಾತನ್ನು ಭರವಸೆಗಳ ಸಮಿತಿ ಬೆನ್ನಟ್ಟುತ್ತದೆ, ಅದನ್ನು ಬಳಸಿಕೋ. ಸಮಿತಿಯಲ್ಲಿ ಜಾಗ ಕೊಡುವಾಗ ಎಲ್ಲರೂ ಹೆಸರಿರುವ ಸಮಿತಿ ಕೇಳುತ್ತಾರೆ. ನೀನು ಅಧೀನ ಶಾಸನ ರಚನಾ ಸಮಿತಿ ಕೇಳು. ಕಾಯ್ದೆ ಸದನದಲ್ಲಿ ಹುಟ್ಟುತ್ತದೆ, ಜನರನ್ನು ಹಿಡಿಯುವ ನಿಯಮಗಳು ಸಚಿವಾಲಯದ ಮೇಜಿನ ಮೇಲೆ ಹುಟ್ಟುತ್ತವೆ. ಅವನ್ನು ಸಾಲು ಸಾಲಾಗಿ ಓದುವವರು ಯಾರೂ ಇಲ್ಲ. ಟಿವಿಯವರು ಆ ಸಮಿತಿಯ ಬಾಗಿಲಿಗೂ ಬರುವುದಿಲ್ಲ, ನೆಮ್ಮದಿಯಾಗಿ ಕೆಲಸ ಮಾಡಬಹುದು.

ಕಾಗೋಡು ತಿಮ್ಮಪ್ಪನವರ ವಿಷಯ ಹೇಳುತ್ತೇನೆಂದಿದ್ದೆ. 1951ರಲ್ಲಿ ಭತ್ತ ಅಳೆಯುವ ಕೊಳಗದ ಅಳತೆಯ ಮೇಲೆ ಗೇಣಿದಾರರು ತಿರುಗಿಬಿದ್ದ ಊರು ಕಾಗೋಡು. ಎಚ್. ಗಣಪತಿಯಪ್ಪನವರು ಸಂಘಟಿಸಿದ ಚಳವಳಿ, ಸಮಾಜವಾದಿ ನಾಯಕ ಲೋಹಿಯಾ ಕೂಡ ಬಂದು ಇಲ್ಲಿ ಸೆರೆಯಾದರು. ಆ ಊರಿನ ಹುಡುಗ ವಕೀಲನಾಗಿ, ಶಾಸಕನಾಗಿ, 2013ರಲ್ಲಿ ವಿಧಾನಸಭೆಯ ಸಭಾಧ್ಯಕ್ಷರಾಗಿ, 2016ರಲ್ಲಿ ಕಂದಾಯ ಸಚಿವರಾದರು. ತಾಂಡಾ, ಹಟ್ಟಿ, ಹಾಡಿಗಳಲ್ಲಿ ಇನ್ನೊಬ್ಬರ ಹೆಸರಿನ ಜಮೀನಿನಲ್ಲಿ ತಲೆಮಾರುಗಳಿಂದ ಮನೆ ಕಟ್ಟಿಕೊಂಡವರಿಗೆ ಆ ಜಾಗದ ಹಕ್ಕು ಸಿಗಬೇಕೆಂದು ಭೂಸುಧಾರಣಾ ಕಾಯ್ದೆಗೆ 38-ಎ ಕಲಂ ಸೇರಿತಲ್ಲ, ಅದರ ಹಿಂದೆ ಅವರ ಹಟ ಇತ್ತು. ಅವರ ರಾಜಕೀಯ ಎಲ್ಲವನ್ನೂ ನಾನು ಒಪ್ಪಿದವನಲ್ಲ, ಎದುರು ಪ್ರಚಾರ ಮಾಡಿದ್ದೂ ಉಂಟು. ಆದರೆ ಚಳವಳಿಯ ಕೂಗು ಎಲ್ಲಿಗೆ ಬಂದು ತಲುಪಬೇಕು ಎಂದು ಕೇಳಿದರೆ ಆ ಕಲಂ ತೋರಿಸುತ್ತೇನೆ. ಕಾಲುವೆ, ಸೇತುವೆ, ಸಮುದಾಯ ಭವನಗಳಿಗೆ ಶಾಸಕರ ಹೆಸರಿನ ಕಲ್ಲು ಇರುತ್ತದೆ. ಕಲಂಗೆ ಇರುವುದಿಲ್ಲ.

ಪಕ್ಷದ ಬಗ್ಗೆ ಎರಡು ಮಾತು ಸಾಕು. 1985ರಿಂದ ಪಕ್ಷಾಂತರ ನಿಷೇಧ ಇದೆ, ಹೀಗೇ ಮತ ಹಾಕಬೇಕೆಂದು ಪಕ್ಷದ ವಿಪ್ ಬಂದರೆ ಮನಸ್ಸಿಗೆ ಬಂದಂತೆ ಮತ ಹಾಕಲಾಗದು. ಹೇಳಬೇಕಾದ್ದನ್ನು ಶಾಸಕಾಂಗ ಪಕ್ಷದ ಸಭೆಯಲ್ಲಿ ಹೇಳು, ಹೊರಗೆ ಮೈಕಿನ ಮುಂದೆ ಬೇಡ. ಬಹುಮತ ಇದೆಯೋ ಇಲ್ಲವೋ ಎಂಬುದು ಸದನದಲ್ಲಿ ತೀರಬೇಕು, ರಾಜಭವನದಲ್ಲಲ್ಲ ಎಂದು ದೇಶಕ್ಕೆಲ್ಲ ಅನ್ವಯಿಸುವ ತೀರ್ಪು 1994ರಲ್ಲಿ ಬಂದದ್ದು ಹುಬ್ಬಳ್ಳಿಯಲ್ಲಿ ವಕೀಲರಾಗಿದ್ದ ಎಸ್.ಆರ್. ಬೊಮ್ಮಾಯಿಯವರ ಪ್ರಕರಣದಲ್ಲಿ. ಅವರ ಸರ್ಕಾರ 1989ರಲ್ಲೇ ಹೋಗಿತ್ತು, ತೀರ್ಪಿನಿಂದ ಅವರಿಗೆ ಕುರ್ಚಿ ವಾಪಸು ಬರಲಿಲ್ಲ. ರೆಸಾರ್ಟಿಗೆ ಬಸ್ಸು ಹತ್ತುವ ದಿನ ಬಂದರೆ ಈ ಪ್ರಕರಣವನ್ನು ಇನ್ನೊಮ್ಮೆ ಓದು.

ನಿನ್ನ ಆಫೀಸು ಮುಚ್ಚಬೇಡ. ಶಾಸಕರು ವಕೀಲಿ ಮಾಡಬಹುದು ಎಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ಮಂತ್ರಿಯಾದರೆ ಮಾತ್ರ ಸನ್ನದು ಪಕ್ಕಕ್ಕಿಡಬೇಕು. ಕಾನೂನು ಬಿಟ್ಟಿತೆಂದು ನಿನ್ನ ತಾಲ್ಲೂಕಿನ ಕೋರ್ಟಿನಲ್ಲೇ ನಿಲ್ಲುವುದು ನನಗೆ ಸರಿ ಕಾಣುವುದಿಲ್ಲ. ನೀನು ಎದ್ದು ನಿಂತರೆ ಎದುರಿನ ವಕೀಲರ ಧ್ವನಿ ತಗ್ಗುತ್ತದೆ, ಸರ್ಕಾರಿ ಸಾಕ್ಷಿ ನಿನ್ನ ಮುಖ ನೋಡಿ ಉತ್ತರ ಹೇಳುತ್ತಾನೆ. ಅಲ್ಲಿಯ ಫೈಲುಗಳನ್ನು ಜೂನಿಯರ್‌ಗಳಿಗೆ ಎನ್‌ಒಸಿ ಕೊಟ್ಟು ಬಿಡು. ಕಕ್ಷಿದಾರರು ಕೊಟ್ಟ ಫೀಸಿನ ಲೆಕ್ಕ ತೀರಿಸಿ ಬಿಡು. ಹೈಕೋರ್ಟಿನಲ್ಲಿ ಒಂದೆರಡು ಅಪೀಲು ಇಟ್ಟುಕೊಂಡರೆ ಸಾಕು. ಸರ್ಕಾರದಿಂದ ಭೂಸ್ವಾಧೀನ ಪರಿಹಾರ ಕೇಳುವ ಕೇಸು ಎಲ್ಲೂ ಬೇಡ. ಇಷ್ಟೆಲ್ಲ ಬಿಟ್ಟ ಮೇಲೆ ಆಫೀಸು ಯಾಕೆ ಎಂದರೆ, ಸೋತ ಮಾರನೆಯ ದಿನ ಬೀಗ ತೆಗೆಯುವುದಕ್ಕೆ. ಬಿ.ಡಿ. ಜತ್ತಿಯವರು ಜಮಖಂಡಿಯ ವಕೀಲರು, ಅಲ್ಲಿಯ ಪುರಸಭೆಯ ಅಧ್ಯಕ್ಷರಾಗಿದ್ದವರು. ಮುಂದೆ ಜಮಖಂಡಿ ಸಂಸ್ಥಾನಕ್ಕೆ ಮುಖ್ಯಮಂತ್ರಿಯೂ ಆದರು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು, ಜತ್ತಿಯವರು ಮತ್ತೆ ವಕೀಲಿಗೆ ಕೂತರು. ಅವರು ಆಮೇಲೆ 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದದ್ದು, ಉಪರಾಷ್ಟ್ರಪತಿಯಾದದ್ದು ಎಲ್ಲರಿಗೂ ಗೊತ್ತು. ನನಗೆ ನೆನಪಾಗುವುದು ನಡುವಿನ ಆ ಕಾಲ. ನಿನ್ನೆಯವರೆಗೆ ಸಂಸ್ಥಾನ ನಡೆಸಿದವರು ಇವತ್ತು ಇನ್ನೊಬ್ಬರ ದಾವೆ ಹಿಡಿದು ಕೋರ್ಟಿಗೆ ಹೋಗುವುದು ಸಣ್ಣ ಮಾತಲ್ಲ. ಬೇರೆ ಕಸುಬು ಗೊತ್ತಿಲ್ಲದ ಶಾಸಕರು ಸೋಲಿಗೆ ಹೆದರುತ್ತಾರೆ, ಹೆದರಿದವರಿಂದ ಏನು ಬೇಕಾದರೂ ಬರೆಸಿಕೊಳ್ಳುತ್ತಾರೆ.

ದುಡ್ಡಿನ ಮಾತನ್ನು ನಿನ್ನಪ್ಪ ಖಂಡಿತ ಎತ್ತುತ್ತಾನೆ, ಎತ್ತಬೇಕು. ಅಭ್ಯರ್ಥಿಯ ವೆಚ್ಚಕ್ಕೆ ಆಯೋಗ ಇಟ್ಟ ಮಿತಿ 40 ಲಕ್ಷ. ನಿಜವಾದ ಖರ್ಚು ಎಷ್ಟು ಎಂದು ಯಾವ ಬೂತ್ ಏಜೆಂಟನೂ ಹೇಳುತ್ತಾನೆ. ಅಡಿಕೆ ತೋಟದ ಮೇಲೆ ಒಂದು ರೂಪಾಯಿ ಸಾಲ ಬೇಡ. ಗುತ್ತಿಗೆದಾರರ ದುಡ್ಡು ಅದಕ್ಕಿಂತ ಬೇಡ. ಪಕ್ಷ ಕೊಡುವುದಿಲ್ಲ, ಊರವರು ಚಂದಾ ಎತ್ತುವುದಿಲ್ಲ ಎಂದಾದರೆ ನಿಲ್ಲಬೇಡ. ಈ ಒಂದು ವಿಷಯದಲ್ಲಿ ನಾನು ನಿನ್ನಪ್ಪನ ಕಡೆ.

ಇನ್ನು, ನೀನು ಹೆಣ್ಣು ಎಂದು ಕೆಲವರು ಟಿಕೆಟ್ ಕೊಡಲು ಬಂದಿರಬಹುದು, ಕೆಲವರು ತಪ್ಪಿಸಲು ನೋಡಬಹುದು. 2023ರಲ್ಲಿ 224 ಸ್ಥಾನಗಳಲ್ಲಿ ಹೆಣ್ಣುಮಕ್ಕಳು ಗೆದ್ದದ್ದು 10 ಕಡೆ ಮಾತ್ರ. ಮೂರನೇ ಒಂದು ಪಾಲು ಮೀಸಲು ಕೊಡುವ ಸಂವಿಧಾನ ತಿದ್ದುಪಡಿ ಅದೇ ವರ್ಷ ಪಾಸಾಗಿದೆ, ಆದರೆ ಅದನ್ನು ಜನಗಣತಿ, ಕ್ಷೇತ್ರ ವಿಂಗಡಣೆಯ ಆಚೆಗೆ ಇಟ್ಟಿದ್ದಾರೆ. ಗ್ರಾಮ ಪಂಚಾಯ್ತಿಯಲ್ಲಿ ಹೆಂಡತಿ ಅಧ್ಯಕ್ಷೆ, ಸಭೆಯಲ್ಲಿ ಮಾತಾಡುವವನು ಗಂಡ, ಇದನ್ನು ನೀನೇ ನೋಡಿದ್ದೀಯ. ಅಳಿಯಂದಿರು ಒಳ್ಳೆಯವರು, ಆದ್ದರಿಂದಲೇ ಮೊದಲೇ ಮಾತಾಡಿಕೊಳ್ಳಿ. ನಿನ್ನ ಫೋನನ್ನು ಅವರು ಎತ್ತುವುದು, ಅಧಿಕಾರಿಗಳು ಅವರನ್ನು 'ಸಾಹೇಬ್ರು' ಎನ್ನುವುದು ಶುರುವಾದರೆ ತಿಂಗಳೊಳಗೆ ನಿನ್ನ ಕಚೇರಿ ಎರಡಾಗುತ್ತದೆ. ಆಪ್ತ ಸಹಾಯಕರ ವಿಷಯವೂ ಅದೇ. ನೆಂಟರನ್ನು ಇಟ್ಟುಕೊಳ್ಳಬೇಡ, ನಮ್ಮ ಮನೆಯ ಹುಡುಗರನ್ನಂತೂ ಬೇಡವೇ ಬೇಡ. ನನ್ನ ಮೊಮ್ಮಗ ಈಗಲೇ ಕೇಳುತ್ತಿದ್ದಾನೆ, ನಾನು ಹೀಗೆ ಹೇಳಿದೆ ಎಂದು ಅವನಿಗೆ ಹೇಳಬಹುದು.

ಉತ್ತರ ಕೊಡುವ ಮುಂಚೆ ಒಂದು ಕೆಲಸ ಮಾಡು. ಬೆಳಗಾವಿಯ ಚಳಿಗಾಲದ ಅಧಿವೇಶನಕ್ಕೆ ಪಾಸು ತೆಗೆಸಿಕೊಂಡು ಸುವರ್ಣ ವಿಧಾನಸೌಧದ ಗ್ಯಾಲರಿಯಲ್ಲಿ ಎರಡು ದಿನ ಕೂತು ಬಾ. ಊಟದ ನಂತರ ವಿಧೇಯಕ ಬರುವ ಹೊತ್ತಿಗೆ ಎಷ್ಟು ಕುರ್ಚಿ ಖಾಲಿ ಇರುತ್ತವೆ ನೋಡು. ಆಗ ನಿನಗೆ ಬೇಜಾರು ಬಂದರೆ ಒಂದು ಉತ್ತರ, ಸಿಟ್ಟು ಬಂದರೆ ಇನ್ನೊಂದು.

ಅಡಿಕೆ ಕೊಯ್ಲು ಮುಗಿದ ಮೇಲೆ ಮಕ್ಕಳನ್ನು ಕರೆದುಕೊಂಡು ಬಂದು ನಾಲ್ಕು ದಿನ ಇದ್ದು ಹೋಗಿ. ಭೂ ನ್ಯಾಯಮಂಡಳಿ ಕಾಲದ ನನ್ನ ನೋಟ್ಸು, ಆದೇಶಗಳ ನಕಲು ಎಲ್ಲ ಅಟ್ಟದ ಟ್ರಂಕಿನಲ್ಲಿವೆ. ನೀನು ಚುನಾವಣೆಗೆ ನಿಂತರೂ ನಿಲ್ಲದಿದ್ದರೂ ಅವು ನಿನಗೇ. ಗೆದ್ದಲು ಹತ್ತುವ ಮೊದಲು ಬಂದು ತೆಗೆದುಕೊಂಡು ಹೋಗು. ಬರುವಾಗ ಆ ಹೊಸನಗರದ ಪಾಲಿನ ದಾವೆಯ ತೀರ್ಪಿನ ಪ್ರತಿ ತಾ, ಅಪೀಲಿಗೆ ಆಧಾರ ಇದೆಯೋ ಇಲ್ಲವೋ ಕೂತು ನೋಡೋಣ.

ಇಂತಿ ನಿನ್ನ
ದೊಡ್ಡಪ್ಪ